ಒಳಗೆ ಜೀವ ಇದೆ, ಜೋಪಾನ

"ಇದು ಪ್ಯೂರ್ ಅಲ್ಲ. ಮಿಕ್ಸ್."

ಮೋನಿಕಾಳ ಕಿವಿ ಕೆಂಪಾಯಿತು. ತುಮಕೂರಿನ ಸಮುದಾಯ ಭವನದಲ್ಲಿ ಭಾನುವಾರದ ಮೀನು ಪ್ರದರ್ಶನಕ್ಕೆ ಬಂದಿದ್ದವರೆಲ್ಲ ಅವಳತ್ತಲೇ ನೋಡುತ್ತಿದ್ದರು.

ತೀರ್ಪುಗಾರ ಮಾತ್ರ ಅವಳ ಮುಖ ನೋಡದೆ, ಟಾರ್ಚ್ ಹಿಡಿದು ಅವಳ ಅಕ್ವೇರಿಯಂ ಮುಂದೆ ಬಗ್ಗಿದ್ದ. ಎತ್ತರದ ಆಳು, ಮೂರು ದಿನದ ಗಡ್ಡ, ಎದೆಯ ಮೇಲೆ 'ಅಂಜನ್‌ಕುಮಾರ್' ಎಂಬ ಚೀಟಿ.

"ಏನ್ರೀ ಹೇಳ್ತಿದ್ದೀರಾ? ಇವ್ನು ಅಪ್ಪಟ ಹಳದಿ ಪೀಕಾಕ್ ಸಿಕ್ಲಿಡ್! ನಮ್ಮನೇಲೇ ಹುಟ್ಟಿ ಬೆಳೆದವ್ನು. ಹೆಸರು ರಾಜ!"

"ಹೆಸರು ಚೆನ್ನಾಗಿದೆ ಮೇಡಂ. ಆದ್ರೆ ಬಾಯಿ ನೋಡಿ, ಉದ್ದ ಇದೆ. ಹಳದಿ ಮೇಲೆಲ್ಲಾ ನೀಲಿ ಹರಡಿದೆ. ಎಲೆಕ್ಟ್ರಿಕ್ ಬ್ಲೂ ತಳಿ ಎಲ್ಲೋ ಸೇರ್ಕೊಂಡಿದೆ."

"ಒಂದೇ ಒಂದು ಮೀನು ನೋಡಿ ಹೇಳ್ಬಿಡ್ತೀರಾ?"

"ಮನೆಗೆ ಹೋಗಿ ಇದರ ಜೊತೆ ಹುಟ್ಟಿದ ಗಂಡುಗಳನ್ನ ಪಕ್ಕಪಕ್ಕ ಬಿಟ್ಟು ನೋಡಿ. ಅಪ್ಪಟ ತಳಿ ಆದ್ರೆ ಎಲ್ಲಾ ಒಂದೇ ಅಚ್ಚಲ್ಲಿರ್ತವೆ. ಮಿಕ್ಸ್ ಆದ್ರೆ ಒಂದೊಂದು ಒಂದೊಂದು ಥರ."

ಆಗ ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ಮೋನಿಕಾ ಗರ್ವ ಹುಡುಕಿದಳು. ಸಿಗಲಿಲ್ಲ... ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು!

"ತಾಯಿ ಮೀನು ಎಲ್ಲಿಂದ ತಂದ್ರಿ?" ಮೆಲ್ಲಗೆ ಕೇಳಿದ.

"ಕುಣಿಗಲ್‌ನ ಮೀನ್ಮನೆ ಅಂಗಡಿಯಿಂದ. ಎರಡು ವರ್ಷದ ಹಿಂದೆ ಬಸ್ಸಲ್ಲಿ ಕಳಿಸಿದ್ರು. ಯಾಕೆ?"

ಅವನ ಮುಖ ಬಿಳಿಚಿಕೊಂಡಿತು. ಟಾರ್ಚ್ ಆರಿಸಿ ಹೊರಟೇಬಿಟ್ಟ!

'ಏನ್ ಕೊಬ್ಬು ಇವ್ನಿಗೆ!' ಮೋನಿಕಾ ಹಲ್ಲು ಕಚ್ಚಿದಳು.

ಸಿಟ್ಟಿನ ಹಿಂದೆ ಭಯವೂ ಇತ್ತೆನ್ನಿ. ತುಮಕೂರು ಪಕ್ಕದ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳ ತಪಾಸಣೆ ಅವಳ ಕೆಲಸ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವಳ ಕಣ್ಣು ತಪ್ಪಿಸುವಂತಿಲ್ಲ. ಅಂಥವಳು ರಾಜನ ಜೊತೆ ಹುಟ್ಟಿದ ಮರಿಗಳನ್ನು "ಅಪ್ಪಟ ತಳಿ, ನನ್ನ ಮಾತು ನಂಬಿ" ಎಂದು ಒಂಬತ್ತು ಮನೆಗೆ ಕೊಟ್ಟಿದ್ದಳು. ಅವನು ಹೇಳಿದ್ದು ನಿಜವಾದರೆ ಇನ್ನು ಅವಳ ಮಾತನ್ನು ನಂಬುವವರು ಯಾರು?

ಮರುದಿನ ಬೆಳಗ್ಗೆ ಗುಬ್ಬಿಯ ಮನೆಯಲ್ಲಿ ರಾಜನನ್ನೂ ಅವನ ನಾಲ್ಕು ಅಣ್ಣತಮ್ಮಂದಿರನ್ನೂ ಒಂದೇ ತೊಟ್ಟಿಗೆ ಬಿಟ್ಟಳು. ಅಜ್ಜಿ ಕೊಲ್ಲಾಪುರಮ್ಮ ಕಾಫಿ ಲೋಟ ಹಿಡಿದು ಬಂದು ಇಣುಕಿದರು.

"ಇವೆಲ್ಲಾ ಒಂದೇ ಅವ್ವನ ಮಕ್ಳೇನೇ? ಒಂದರ ಮೂತಿ ಚೂಪು, ಇನ್ನೊಂದರದ್ದು ಮೊಂಡು. ಆ ಮೂಲೇದಂತೂ ನೀಲಿಗೆ ಅದ್ದಿ ತೆಗ್ದಂಗೈತೆ!"

ಮೋನಿಕಾ ಓಡಿಹೋಗಿ ತಾಯಿ ಮೀನನ್ನು ನೋಡಿದಳು. ಸಾದಾ ಕಂದು ಬಣ್ಣ. ಈ ಸಿಕ್ಲಿಡ್‌ಗಳಲ್ಲಿ ಬಣ್ಣವೆಲ್ಲ ಗಂಡುಗಳಿಗೇ, ಯಾವ ತಳಿಯ ಹೆಣ್ಣಾದರೂ ಹೆಚ್ಚುಕಡಿಮೆ ಕಂದೇ. ಆದರೆ ಬಾಯಿ? ಉದ್ದವಾಗಿತ್ತು!

ಎರಡು ವರ್ಷ ಕಣ್ಣೆದುರೇ ಇತ್ತು. ಪ್ರೀತಿಯಿಂದ ಸಾಕಿದ್ದರಲ್ಲಿ ತಪ್ಪು ಹುಡುಕಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಜಗಲಿಯ ಮೇಲೆ ಕೂತು ಮೊಬೈಲ್ ತೆಗೆದಳು. ಮೀನು ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: 'ನಾನು ಒಂಬತ್ತು ಮನೆಗೆ ಕೊಟ್ಟ ಮರಿಗಳು ಮಿಕ್ಸ್. ಗುರುತಿಸದೇ ಹೋಗಿದ್ದು ನನ್ನ ತಪ್ಪು. ದಯವಿಟ್ಟು ಪ್ಯೂರ್ ಅಂತ ಯಾರಿಗೂ ಕೊಡಬೇಡಿ. ಕ್ಷಮಿಸಿ.' ಉತ್ತರ ಓದುವ ಧೈರ್ಯವಿಲ್ಲದೆ ಆ ಕ್ಷಣವೇ ಗುಂಪಿನಿಂದ ಹೊರಬಂದಳು. ಆಮೇಲೆ ಗುರುತಿಲ್ಲದ ನಂಬರಿನಿಂದ ಬಂದ ನಾಲ್ಕು ಕರೆಗಳನ್ನೂ ಎತ್ತಲಿಲ್ಲ.

ಬೀರುವಿನ ಮೇಲೆ ಒಂದು ಥರ್ಮಾಕೋಲ್ ಮುಚ್ಚಳವಿತ್ತು. ಮೀನ್ಮನೆಯಿಂದ ಮೀನು ಬಂದ ಪೆಟ್ಟಿಗೆಯದು. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ 'ಒಳಗೆ ಜೀವ ಇದೆ, ಜೋಪಾನ' ಎಂದಿತ್ತು. ಬರೆದವರು ಯಾರೋ ಒಳ್ಳೆಯವರಿರಬೇಕು ಎಂದು ಇಷ್ಟು ದಿನ ಎತ್ತಿಟ್ಟಿದ್ದಳು. ಈಗ ಅದನ್ನು ನೋಡಿದರೆ ಅಳು ಬಂತು.

'ಜೋಪಾನ ಅಂತ ಬರೆದು, ತಪ್ಪು ಮೀನು ಕಳಿಸಿದ್ಯಾ? ಇರು, ಬರ್ತೀನಿ!'

ಮುಂದಿನ ಭಾನುವಾರ ಕುಣಿಗಲ್ ಬಸ್ಸಿಳಿದವಳು ವಿಳಾಸ ಕೇಳುತ್ತಾ ಮೀನ್ಮನೆಗೆ ನುಗ್ಗಿದಳು.

"ಯಾರ್ರೀ ಇಲ್ಲಿ ಓನರ್ರು?!"

ತೊಟ್ಟಿಗಳ ಹಿಂದಿನಿಂದ, ಒದ್ದೆ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತವನು... ಅಂಜನ್‌ಕುಮಾರ್!

"ನೀವಾ?!"

"ನಾನೇ." ಅವನ ದನಿ ಸೋತಿತ್ತು. "ನಿಮಗೆ ಮೀನು ಕಳಿಸಿದ ದಿನ ತೊಟ್ಟಿ ತೊಳೀವಾಗ ಎರಡು ತಳಿಯ ಹೆಣ್ಣುಗಳನ್ನ ಒಂದೇ ಬಕೆಟ್‌ಗೆ ಹಾಕ್ಬಿಟ್ಟಿದ್ದೆ. ಎಲ್ಲಾ ಕಂದೇ. ಬಸ್ಸಿಗೆ ಟೈಮಾಗಿತ್ತು, ಅಂದಾಜಲ್ಲಿ ಒಂದು ಹಿಡಿದು ಕಳಿಸ್ದೆ."

"ಗೊತ್ತಿದ್ದೂ ಅಷ್ಟು ಜನರ ಮುಂದೆ ನನ್ನ ಮಾನ ಕಳೆದ್ರಾ?"

"ಗೊತ್ತಿರ್ಲಿಲ್ಲ! ನೀವು ಮೀನ್ಮನೆ ಅಂದಾಗ್ಲೇ ಗೊತ್ತಾಗಿದ್ದು. ನಾಲಿಗೇನೇ ಹೊರಳಲಿಲ್ಲ. ಅಂಗಡಿಗೆ ಹೋಗಿ ಖಚಿತ ಮಾಡ್ಕೊಂಡು ಹೇಳೋಣ ಅಂತ ಓಡ್ಬಂದೆ. ಅಲ್ಲೇ ಹೇಳ್ಬೇಕಿತ್ತು. ಅದು ನನ್ನ ಎರಡನೇ ತಪ್ಪು."

"ಈಗ ಹೇಳಿ ಏನು ಬಂತು?"

"ಈಗಲ್ಲ... ಆ ವಾಟ್ಸಾಪ್ ಗುಂಪಲ್ಲಿ ನಾನೂ ಇದ್ದೀನಿ, ನೀವು ಹೋದ ಹತ್ತೇ ನಿಮಿಷಕ್ಕೆ ಅಲ್ಲೇ ಹೇಳ್ದೆ. ನಾಲ್ಕು ಸಲ ಫೋನೂ ಮಾಡ್ದೆ."

ತನ್ನ ಮೊಬೈಲ್ ಅವಳ ಮುಂದೆ ಹಿಡಿದ. 'ತಪ್ಪು ಮೋನಿಕಾ ಅವರದ್ದಲ್ಲ. ಬೇರೆ ತಳಿಯ ಹೆಣ್ಣು ಮೀನು ಕಳಿಸಿದ್ದು ನಾನು, ಮೀನ್ಮನೆ ಅಂಜನ್. ಒಂಬತ್ತು ಮನೆಗೂ ನಾನೇ ಬಂದು ಹೇಳುತ್ತೇನೆ. ಇನ್ನು ಮುಂದೆ ತೀರ್ಪುಗಾರನಾಗಿ ಕೂರುವುದಿಲ್ಲ.'

ಮೋನಿಕಾ ಎರಡು ಸಲ ಓದಿದಳು. ಜಗಳಕ್ಕೆಂದು ಗುಬ್ಬಿಯಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ! ಅಂಗಡಿಯ ಹೆಸರು ಕೆಡುತ್ತದೆಂದು ಗೊತ್ತಿದ್ದೂ ಊರಿಗೆಲ್ಲ ಸಾರಿದ್ದನಲ್ಲ ಈ ಮನುಷ್ಯ...

"ಹೋದ್ರಾ, ಒಂಬತ್ತು ಮನೆಗೂ?"

"ಏಳಾಯ್ತು. ಕಡಬದಲ್ಲೊಂದು, ಊರ್ಡಿಗೆರೇಲೊಂದು ಉಳಿದಿದೆ. ಒಬ್ಬರೂ ನಿಮ್ಮನ್ನ ಬೈಲಿಲ್ಲ. 'ಆ ಹುಡುಗಿ ತಾನಾಗೇ ಹೇಳಿದ್ಳು, ಅವ್ಳ ಮಾತು ನಂಬ್ಬೋದು' ಅಂದ್ರು."

ಅವಳ ಕಣ್ಣು ತುಂಬಿತು. ಅದನ್ನು ಕಂಡು ಅವನು ಗಾಬರಿಯಾಗಿ, "ಬನ್ನಿ, ಒಂದು ತೋರಿಸ್ತೀನಿ" ಎಂದು ಮೂಲೆಯ ತೊಟ್ಟಿಯತ್ತ ಕರೆದೊಯ್ದ.

ಒಂದು ಕಂದು ಹೆಣ್ಣು ಮೀನು, ಪಕ್ಕದಲ್ಲಿ ಹಳದಿ ಗಂಡು. ಹೆಣ್ಣಿನ ಬಾಯಿ ಗಿಡ್ಡ. ಗಲ್ಲ ಮಾತ್ರ ಉಬ್ಬಿಕೊಂಡಿತ್ತು.

"ಆವತ್ತು ನಿಮಗೆ ಬರ್ಬೇಕಿದ್ದ ಹೆಣ್ಣು ಇದೇ. ಹುಡುಕಿ, ಅದರದ್ದೇ ತಳಿಯ ಗಂಡಿನ ಜೊತೆ ಬಿಟ್ಟೆ. ಗುರುವಾರ ಮೊಟ್ಟೆ ಇಡ್ತು!"

"ಬಾಯಲ್ಲಿಟ್ಕೊಂಡಿದ್ದಾಳಾ?" ಮೋನಿಕಾ ಸಿಟ್ಟು ಮರೆತು ಗಾಜಿಗೆ ಮೂಗು ಒತ್ತಿದಳು. ಮರಿ ಈಜುವವರೆಗೆ ಮೊಟ್ಟೆಗಳನ್ನು ಬಾಯಲ್ಲೇ ಕಾಯುವ ಈ ತಾಯಿ ಉಪವಾಸ ಎಂಬುದು ಅವಳಿಗೆ ಗೊತ್ತಿತ್ತು.

"ಮೂರು ವಾರ. ಅಲ್ಲೀವರೆಗೂ ಸಾಗಿಸೋ ಹಾಗಿಲ್ಲ. ಮರಿಗಳೆಲ್ಲಾ ನಿಮ್ದೇ." ತಡೆದು ಹೇಳಿದ, "ನೋಡ್ಬೇಕು ಅನ್ಸಿದ್ರೆ... ಬರ್ಬೋದು."

ಬಂದಳು. ಮುಂದಿನ ಎರಡು ಭಾನುವಾರವೂ ಬಂದಳು! ಮಧ್ಯದ ದಿನಗಳಲ್ಲಿ ಫೋನು. ಮೀನಿನಿಂದ ಶುರುವಾದ ಮಾತು ಊಟ, ಕೆಲಸ, ಚಿಕ್ಕಂದಿನಲ್ಲಿ ತಿಂದ ಏಟುಗಳು ಎಂದು ಹರಿದು, ಕೊನೆಗೆ ಇಬ್ಬರೂ ಸುಮ್ಮನೆ ನಗುವುದರಲ್ಲಿ ಮುಗಿಯುತ್ತಿತ್ತು.

"ಆ ಮೀನಾದ್ರೂ ಮೂರು ವಾರಕ್ಕೆ ಬಾಯಿ ಬುಡ್ತದೆ. ನೀವಿಬ್ರೂ ಯಾವಾಗ್ಲೇ?" ಅಜ್ಜಿ ಒಂದು ದಿನ ಕೇಳಿಯೇಬಿಟ್ಟರು.

"ಸುಮ್ನಿರಜ್ಜಿ!" ಎಂದು ಮೋನಿಕಾ ಒಳಗೋಡಿದಳು. ಮುಖ ಮಾತ್ರ ಎಲ್ಲವನ್ನೂ ಹೇಳುತ್ತಿತ್ತು.

ಒಂದು ಸಂಜೆ ಅವನ ಮೆಸೇಜ್ ಬಂತು: 'ಮರಿ ಬಿಟ್ಟಳು! ಇಪ್ಪತ್ತೆರಡು! ಶನಿವಾರ ಹನ್ನೊಂದರ ಬಸ್ಸಿಗೆ ಗುಬ್ಬಿಗೆ ಬರುತ್ತವೆ.'

'ಬರುತ್ತವೆ ಅಂತೆ. ಹಿಂದಿನ ಹಾಗೆ ಕಂಡಕ್ಟರ್ ಕೈಗೆ ಕೊಟ್ಟು ಕಳಿಸ್ತಾನೆ. ಅಷ್ಟೇನಾ?' ಖುಷಿಯ ನಡುವೆಯೂ ಅವಳ ಮನಸ್ಸು ಪೆಚ್ಚಾಯಿತು.

ಶನಿವಾರ ಗುಬ್ಬಿ ಬಸ್ ನಿಲ್ದಾಣ. ಬಸ್ ನಿಂತದ್ದೇ ಮೋನಿಕಾ ಕಂಡಕ್ಟರ್ ಬಳಿ ಓಡಿದಳು.

"ಕುಣಿಗಲ್‌ನಿಂದ ಮೀನಿನ ಬಾಕ್ಸ್ ಬಂದಿದ್ಯಾ ಅಣ್ಣಾ?"

"ಬಂದೈತಮ್ಮಾ. ಆದ್ರೆ ನನ್ ಕೈಗೆ ಕೊಡ್ಲಿಲ್ಲ ಪುಣ್ಯಾತ್ಮ. ತೊಡೆ ಮೇಲೇ ಇಟ್ಕೊಂಡು ಕೂತವ್ನೆ!"

ಹಿಂದಿನ ಬಾಗಿಲಿನಿಂದ ಅಂಜನ್ ಇಳಿದ! ಎದೆಗವಚಿದ ಥರ್ಮಾಕೋಲ್ ಪೆಟ್ಟಿಗೆ. ಮುಚ್ಚಳದ ಮೇಲೆ ಅದೇ ಗುಂಡಗಿನ ಅಕ್ಷರ: 'ಒಳಗೆ ಜೀವ ಇದೆ, ಜೋಪಾನ.'

ಅವಳು ಆ ಅಕ್ಷರದ ಮೇಲೆ ಬೆರಳಿಟ್ಟಳು. "ಅದು... ನಿಮ್ಮ ಅಕ್ಷರಾನಾ?"

"ಹೂಂ. ಯಾಕೆ?"

"ಹಳೇ ಮುಚ್ಚಳ ಎರಡು ವರ್ಷದಿಂದ ಎತ್ತಿಟ್ಕೊಂಡಿದ್ದೀನಿ. ಬರೆದವರು ಒಳ್ಳೇವ್ರಿರ್ಬೇಕು ಅನ್ನಿಸ್ತಿತ್ತು."

"ಈಗ?"

"ಈಗ್ಲೂ..."

ಅಂಜನ್ ಒಮ್ಮೆ ಪೆಟ್ಟಿಗೆ ನೋಡಿದ, ಒಮ್ಮೆ ಅವಳನ್ನು ನೋಡಿದ. "ಅಂದಾಜಲ್ಲಿ ಕಳಿಸಿ ಒಂದ್ಸಲ ಕೆಟ್ಟಿದ್ದೀನಿ ಮೋನಿಕಾ. ಅದಕ್ಕೇ ಈ ಸಲ ನಾನೇ ತಂದು ಬಾಯ್ಬಿಟ್ಟು ಹೇಳ್ತಿದ್ದೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ. ಮದುವೆ ಆಗ್ತೀರಾ?"

ನಿಲ್ದಾಣದ ಗದ್ದಲವೆಲ್ಲ ಎಲ್ಲಿ ಅಡಗಿತೋ! ಆದರೂ ಮೋನಿಕಾ ತಪಾಸಣೆ ಬಿಡುವವಳಲ್ಲ! ಪ್ರದರ್ಶನದ ದಿನ ಅವನು ಟಾರ್ಚ್ ಹಿಡಿದು ಬಗ್ಗಿದ್ದಂತೆಯೇ ಕಣ್ಣು ಕಿರಿದು ಮಾಡಿ ಅವನ ಮುಖದೊಳಗೆ ಇಣುಕಿದಳು.

"ಪ್ರೀತಿ ಪ್ಯೂರಾ, ಮಿಕ್ಸಾ?"

"ಮಿಕ್ಸೇ... ಭಯ ಸೇರ್ಕೊಂಡಿದೆ."

"ನಿಜ ಹೇಳಿದ್ರಲ್ಲ, ಸಾಕು." ನಗುತ್ತಾ, ಅಳುತ್ತಾ ಪೆಟ್ಟಿಗೆಯ ಇನ್ನೊಂದು ಬದಿಗೆ ಕೈ ಕೊಟ್ಟಳು. "ನಡೀರಿ ಮನೆಗೆ. ಅಜ್ಜಿ ಕಾಯ್ತಿದ್ದಾರೆ."

"ಅಂದ್ರೆ... ಒಪ್ಪಿಗೇನಾ?"

"ಒಪ್ಪಿಗೆ ಕಣ್ರೀ! ಮೆಲ್ಲಗೆ ನಡೀರಿ... ಜೋಪಾನ!"