ಬಾ ಎಂದರೆ ಬಾರದ ಬೊಂಡ

“ಬೊಂಡಾ, ಬಾ.”

ಬೊಂಡ ಬರೀ ಕಿವಿ ಆಡಿಸಿದ. ಹೈವೇಯ ನಡುವಿನ ಡಿವೈಡರ್ ಮೇಲೆ ನಿಂತು, ಯಾರೋ ತಿಂಡಿ ತಿಂದು ಎಸೆದಿದ್ದ ಪ್ಲಾಸ್ಟಿಕ್ ಕೊಟ್ಟೆಯನ್ನು ಮೂಸುತ್ತಿದ್ದ. ರಸ್ತೆಯ ಈಚೆ ಬದಿಯಲ್ಲಿ ಚಂದನಾ ಸರಪಳಿ ಹಿಡಿದು ನಿಂತಿದ್ದಳು. ಟ್ಯೂಶನ್‌ನಿಂದ ಬಂದವಳು ಗೇಟಿನ ಕೊಂಡಿ ಹಾಕುವುದನ್ನು ಮರೆತಿದ್ದಳು. ಅವಳು ಚಪ್ಪಲಿ ಬಿಚ್ಚುವುದರೊಳಗೆ ಬೊಂಡ ಓಣಿ ದಾಟಿ ಇಲ್ಲಿಗೆ ಬಂದುಬಿಟ್ಟಿದ್ದ.

ಪುಟ್ಟ ನಾಯಿಮರಿಯಾಗಿದ್ದಾಗ ಎಳನೀರಿನ ಬೊಂಡದ ಹಾಗೆ ಗುಂಡಗಿದ್ದ, ಅದಕ್ಕೇ ಆ ಹೆಸರು. ಆಗ ಚಂದನಾ ಎಲ್ಲಿಗೆ ಹೋದರೂ ಕಾಲಿಗೆ ತೊಡರಿಕೊಂಡೇ ಬರುತ್ತಿದ್ದ. ಈಗ ಎಂಟು ತಿಂಗಳಾಯಿತೋ ಇಲ್ಲವೋ, ಸಾಹೇಬರಿಗೆ ಕೋಡು ಮೂಡಿತ್ತು. ಕರೆದರೆ ಕೇಳಿಸುತ್ತಿತ್ತು, ಆದರೆ ಬರುತ್ತಿರಲಿಲ್ಲ.

“ಬೊಂಡಾ, ಬಾ ಇಲ್ಲಿ!”

ಈ ಸಲ ಜೋರಾಗಿಯೇ ಕೂಗಿದಳು. ಬೊಂಡ ತಲೆಯೆತ್ತಿ ಅವಳನ್ನು ನೋಡಿ, ಹಿಂದಕ್ಕೆ ಸರಿದ. ಅವನ ಬಾಲದ ಹಿಂದೆಯೇ ಗ್ಯಾಸ್ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತ ಹೋಯಿತು.

ಹೋಗಿ ಹಿಡಿದುಬಿಡೋಣವೆಂದು ಚಂದನಾ ಒಂದು ಹೆಜ್ಜೆ ಮುಂದಿಟ್ಟಳು. ಬೊಂಡನಿಗೆ ಖುಷಿಯೋ ಖುಷಿ. ಇದು ಹಿಡಿಯುವ ಆಟ ಅಂದುಕೊಂಡು, ಮುಂಗಾಲು ಚಾಚಿ ಆಚೆ ಕಡೆಗೆ ಜಿಗಿಯಲು ತಯಾರಾದ. ಚಂದನಾ ಅಲ್ಲೇ ನಿಂತಳು. ತಾನು ಹತ್ತಿರ ಹೋದಷ್ಟೂ ಅವನು ದೂರ ಹೋಗುತ್ತಾನೆ.

ಸರಪಳಿ ಕಿಣಿಕಿಣಿ ಎಂದಿತು. ಬೊಂಡನ ಕಣ್ಣು ಅದರ ಮೇಲೇ ಇತ್ತು.

ನೆಂಟರು ಬಂದರೆ ‘ಬಾ’ ಎಂದು ಕರೆದು ಕಟ್ಟಿಹಾಕುವುದು. ‘ಬಾ’ ಎಂದು ಕರೆದು ಉಣ್ಣಿ ಸಾಯಲೆಂದು ಮೈಗೆ ಪೌಡರ್ ಹಾಕಿ ತಿಕ್ಕುವುದು. ಅಪ್ಪನ ಚಪ್ಪಲಿ ಕಚ್ಚಿದ ದಿನ ‘ಬಾ’ ಎಂದು ಕರೆದು ಎರಡೇಟು ಕೊಟ್ಟಿದ್ದೂ ಆಗಿತ್ತು. ನಿನ್ನೆ ಪಾಪ, ತಡವಾಗಿಯಾದರೂ ಬಾಲ ಅಲ್ಲಾಡಿಸುತ್ತ ಬಂದಿದ್ದ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಅವಳೇ ಬೈದಿದ್ದಳು. ‘ಬಾ’ ಅಂದಾಗ ಬಂದು ಬೊಂಡನಿಗೆ ಒಂದು ದಿನವೂ ಒಳ್ಳೆಯದಾಗಿರಲಿಲ್ಲ.

ಪಕ್ಕದ ಮನೆಯ ಮಾಲಿನಿಯಕ್ಕ ಕರೆದರೆ ಮಾತ್ರ ಎಲ್ಲಿದ್ದರೂ ಓಡಿಬರುತ್ತಿದ್ದ. ಅವರ ಮನೆಮಾತು ಕೊಂಕಣಿ. ಹಿತ್ತಲಲ್ಲಿ ಮೀನು ಕೊಯ್ಯುವಾಗ ‘ಯೋ, ಯೋ’, ಅಂದರೆ ಬಾ ಬಾ, ಎಂದು ರಾಗವಾಗಿ ಕರೆದು, ಬಂಗಡೆಯ ತಲೆ ಹಾಕಿ, ಅವನ ಪಾಡಿಗೆ ಅವನನ್ನು ಬಿಡುತ್ತಿದ್ದರು. ‘ನಿನ್ನ ಬೊಂಡನಿಗೆ ಕೊಂಕಣಿ ಮಾತ್ರ ಬರೂದಾ ಎಂತ?’ ಎಂದು ಅವರು ನಕ್ಕಿದ್ದಕ್ಕೆ ಚಂದನಾ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದಳು.

ಅವಳು ಸರಪಳಿಯನ್ನು ಹಿಂದಿನ ಚರಂಡಿಗೆ ಎಸೆದಳು. ಮೀನಿನ ಲಾರಿ ಹೋಯಿತು. ಅದರ ಹಿಂದೆ ಬಸ್ಸು ಹೋಯಿತು. ಆಮೇಲೆ ರಸ್ತೆ ಖಾಲಿಯಾಯಿತು.

ಚಂದನಾ ಬೊಂಡನಿಗೆ ಬೆನ್ನು ಹಾಕಿ ಓಣಿಯ ಕಡೆ ಓಡಿದಳು. ಸ್ವಲ್ಪ ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅಳು ಬರುತ್ತಿತ್ತು. ಅದನ್ನು ತಡೆದುಕೊಂಡು, ಮಾಲಿನಿಯಕ್ಕನ ರಾಗದಲ್ಲೇ ಕರೆದಳು.

“ಯೋ, ಬೊಂಡಾ, ಯೋ.”

ತಿರುಗಿ ನೋಡುವ ಧೈರ್ಯ ಇರಲಿಲ್ಲ. ಎಲ್ಲಿ ಬ್ರೇಕಿನ ಸದ್ದು ಕೇಳುತ್ತದೋ ಎಂದು ಕಣ್ಣು ಮುಚ್ಚಿಕೊಂಡಳು. ಕೇಳಿದ್ದು ಜಲ್ಲಿಯ ಮೇಲೆ ಉಗುರಿನ ಪರಪರ ಸದ್ದು. ಮರುಕ್ಷಣ ಒದ್ದೆ ಮೂಗೊಂದು ಅವಳ ಮೊಣಕೈಗೆ ತಾಗಿತು.

ಬೈಗುಳ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡಳು. ಕಿಸೆಯಲ್ಲಿ ಉಳಿದಿದ್ದ ಬಿಸ್ಕಿಟ್ ಕೊಟ್ಟು, ಕಿವಿಯ ಹಿಂದೆ ತುರಿಸಿದಳು. “ಆತು, ಆತು. ಒಳ್ಳೇ ಬೊಂಡ,” ಎಂದಳು. ಇಬ್ಬರೂ ಓಣಿಯಲ್ಲಿ ಜೊತೆಯಾಗಿ ನಡೆದರು.

ಗೇಟಿನ ಹತ್ತಿರ ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಏನೇನು ನೋಡಿದಳೋ.

“ಚಂದನಾ, ಬಾ ಇಲ್ಲಿ.”

ಚಂದನಾಳ ಕಾಲು ತಾನಾಗಿಯೇ ನಿಂತಿತು. ಅಮ್ಮನ ‘ಬಾ ಇಲ್ಲಿ’ ಅವಳಿಗೆ ಗೊತ್ತು. ಗಣಿತದಲ್ಲಿ ಮಾರ್ಕ್ಸ್ ಕಡಿಮೆಯಾದಾಗ, ಹಾಲು ಚೆಲ್ಲಿದಾಗ ಬರುವ ಮಾತು ಅದು. ಇವತ್ತು ಗೇಟಿನ ಕೊಂಡಿಯ ಲೆಕ್ಕ ಬೇರೆ ಬಾಕಿಯಿತ್ತು. ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಸರಿದ ಮೇಲೆ, ಡಿವೈಡರ್ ಮೇಲೆ ಬೊಂಡ ಸರಿದದ್ದು ನೆನಪಾಯಿತು.

ಅಮ್ಮನ ಕೈ ನೋಡಿದಳು. ಅದರಲ್ಲಿ ಕೋಲು ಇರಲಿಲ್ಲ. ಗೇಟಿನ ಸರಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿತ್ತು.

“ಬಾ ಮಗಾ,” ಎಂದು ಅಮ್ಮ ಕೈ ಚಾಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಪಕ್ಕದಲ್ಲಿ ಬೊಂಡನೂ ಕತ್ತು ಓರೆ ಮಾಡಿ ಅದೇ ಕೈಯನ್ನು ನೋಡುತ್ತಿದ್ದ. ಚಂದನಾ ಅವನ ತಲೆ ಸವರಿದಳು. ಆಮೇಲೆ ಇಬ್ಬರೂ ಅಮ್ಮನ ಹತ್ತಿರ ಹೋದರು.