ಕುಬಸದ ಅಳತೆಯ ದಾರ

"ಅಳತಿ ದಾರ ಹಿಡದಾಕಿ ಕೈಯಾಗೇ ಇರ್ಲಿ ಬಾಯಿ, ನೀವು ಹಡೆಯೋ ತನಕ. ಬೆಂಕಿಗಿ ಬೀಳಬಾರದು. ಬಿದ್ರ ಏನಾಗ್ತದ ಅಂತ ನಾ ಬಾಯಿಲೆ ಹೇಳಂಗಿಲ್ಲ," ಎಂದಳು ಮುದುಕಿ ಸೂಲಗಿತ್ತಿ ಸರ್ದಾರಬಿ.

ಮೀರಾಬಾಯಿ ಬಿದ್ದು ಬಿದ್ದು ನಕ್ಕಳು. ಬೆಳಗಾವಿಯಲ್ಲಿ ನರ್ಸಿಂಗ್ ಕಲಿತವಳು, ಮದುವೆಯಾಗಿ ಹುಮನಾಬಾದಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚೊಚ್ಚಲ ಬಸುರಿಗೆ ಆರನೇ ತಿಂಗಳು. "ಕೂಸು ದಾರದಾಗ ಇರತೈತೇನ ಅಜ್ಜಿ? ಹೊಟ್ಟ್ಯಾಗ ಇರತೈತಿ," ಎಂದಳು.

ಆ ಮನೆಯಲ್ಲಿ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊಲಿಸುವ ಹಸಿರು ರವಿಕೆಗೆ ಟೇಪು ಹಿಡಿಯುತ್ತಿರಲಿಲ್ಲ. ಮನೆಯ ಹಿರಿ ಸೊಸೆ ಅರಿಶಿನ ಹಚ್ಚಿದ ನೂಲನ್ನು ಬಸುರಿಯ ಹೊಟ್ಟೆಗೆ ಸುತ್ತಿ ಅಳತೆ ತೆಗೆಯಬೇಕು. ತೆಗೆದವಳು ಮೀರಾಳ ನೆಗೆಣ್ಣಿ, ಭಾವನ ಹೆಂಡತಿ ಕಸ್ತೂರಿಬಾಯಿ. ಮೂರು ಸಲ ಬಸುರಾಗಿ ಮೂರನ್ನೂ ಕಳೆದುಕೊಂಡವಳು. ಅವಳ ಬೆರಳು ತಣ್ಣಗಿದ್ದವು. ಹೊಟ್ಟೆಯ ಮೇಲಿಂದ ಕಣ್ಣು ಕೀಳಲೇ ಇಲ್ಲ. ಆ ನೋಟ ಮೀರಾಳಿಗೆ ಹಿಡಿಸಲಿಲ್ಲ.

ಕೂಸಿಗೆ ಆಗಲೇ ಕಿವಿ ಬಂದಿತ್ತು. ಹಳ್ಳಿಖೇಡಕ್ಕೆ ಹೋಗುವ ಕಬ್ಬಿನ ಲಾರಿ ಹಾರ್ನು ಹೊಡೆದರೆ ಒಳಗೇ ಬೆಚ್ಚುತ್ತಿತ್ತು. ಮೀರಾ "ಬಂಗಾರಾ" ಎಂದರೆ ಎಡಪಕ್ಕೆಗೊಂದು ಗುದ್ದು. ಆ ಗುದ್ದಿನ ಆಸೆಗೆ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಳು.

ಅಳತೆ ತೆಗೆದ ಮರು ಸೋಮವಾರ ಹೊಟ್ಟೆಯ ಮೇಲೆ ಬೆರಳಿಟ್ಟು ನೋಡಿಕೊಂಡಳು. ಹೊಕ್ಕುಳಿಂದ ಎರಡು ಬೆರಳು ಮೇಲಿದ್ದ ಗರ್ಭ ಒಂದು ಬೆರಳಿಗೆ ಇಳಿದಿತ್ತು. ಕೂಸು ಅಡ್ಡ ಮಲಗಿದರೆ ಹೀಗಾಗುತ್ತದೆಂದು ಎಷ್ಟು ಬಸುರಿಯರಿಗೆ ಧೈರ್ಯ ಹೇಳಿದ್ದಳೋ! ಹೊಟ್ಟೆ ತನ್ನದಾದಾಗ ಓದಿದ್ದೆಲ್ಲ ಗಾಳಿಗೆ ಹೋಯಿತು. ಅನುಮಾನದಂಥ ರೋಗ ಇನ್ನೊಂದಿಲ್ಲ.

ಅಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಇಣುಕಿದಳು. ಕತ್ತಲು ಮೂಲೆ. ಲೋಬಾನದ ಹೊಗೆ. ಕಸ್ತೂರಿಬಾಯಿ ಆ ದಾರಕ್ಕೆ ಗಂಟು ಹಾಕುತ್ತಿದ್ದಳು. ತುಟಿ ಅಲುಗುತ್ತಿದ್ದವು. ತನಗೆ ದಕ್ಕದ್ದು ನನಗೂ ದಕ್ಕಬಾರದೆಂದು ಮಾಟ ಮಾಡುತ್ತಿದ್ದಾಳೆ ಎಂದುಕೊಂಡಳು ಮೀರಾ. ದಾರದ ಮಾತಿಗೆ ತಾನೇ ನಕ್ಕಿದ್ದನ್ನು ಯಾವಾಗಲೋ ಮರೆತಿದ್ದಳು.

ನೆಗೆಣ್ಣಿ ನೀರಿಗೆ ಹೋದದ್ದೇ ತಡ, ತೊಗರಿಬೇಳೆಯ ಡಬ್ಬಿಯ ಹಿಂದಿನಿಂದ ದಾರ ಎಳೆದಳು. ಮಾಟ ಸುಟ್ಟುಹೋಗಲೆಂದು ಒಲೆಗೆ ಎಸೆದಳು. ಚಟ್ ಎಂದಿತು. ಕೂದಲು ಸುಟ್ಟ ನಾತ. ಹೊಟ್ಟೆಯೊಳಗೆ ಒಂದು ಹೊರಳು. ಆಮೇಲೆ ಏನೂ ಇಲ್ಲ.

"ಬಂಗಾರಾ?"

ಇಲ್ಲ. ಎಡಕ್ಕೆ ಒತ್ತಿದಳು. ಬಲಕ್ಕೆ ಒತ್ತಿದಳು. ಇಲ್ಲ.

ಕೊಡ ಹೊತ್ತು ಬಂದ ಕಸ್ತೂರಿಬಾಯಿ ಒಲೆ ನೋಡಿದಳು. ಕೊಡ ಕೈಜಾರಿತು.

"ಏನ್ ಮಾಡಿದಿ ತಂಗಿ! ನನ್ನವು ಮೂರೂ ಇದೇ ತಿಂಗಳದಾಗ ಹೋದವು. ನಿಂದರ ನಿಲ್ಲಲಿ ಅಂತ ದಿನಾ ಒಂದು ಗಂಟು ಹಾಕಿ, ಕೂಸಿಗಿ ನಿನ್ನ ಹೆಸರು ಹೇಳಿ, ಇಕೀನೇ ನಿನ್ನ ಅವ್ವ ಅಂತ ಗುರ್ತು ಮಾಡ್ಸಾಕತ್ತಿದ್ದೆ."

"ಕೂಸು ಮಿಸಗಾಡವಲ್ದು ಅಕ್ಕಾ..."

ಕಸ್ತೂರಿಬಾಯಿ ಮೊಣಕಾಲೂರಿ ಹೊಟ್ಟೆಗೆ ಬಾಯಿ ಹಚ್ಚಿದಳು. "ಎಲ್ಲಿದ್ದಿ ಕೂಸಾ? ಬಾ."

ಜೋರಾಗಿ ಒದೆಯಿತು. ಮೀರಾ ಅಳುತ್ತಲೇ ನಕ್ಕು "ಬಂಗಾರಾ" ಎಂದಳು. ಕೂಸು ತಟ್ಟನೆ ಸುಮ್ಮನಾಯಿತು.

ಹೆಣ್ಣುಮಗು ದಿನ ತುಂಬಿ, ದುಂಡಗೆ ಹುಟ್ಟಿತು. ಮೀರಾ ಎದೆಗವುಚಿ ಮಾತಾಡಿಸಿದಳು. ಮಗು ಚೀರಿ ಚೀರಿ ನೀಲಿಗಟ್ಟಿತು. ಬಾಗಿಲಾಚೆ ಕಸ್ತೂರಿಬಾಯಿಯ ದನಿ ಕೇಳಿದ್ದೇ ಅಳು ನಿಂತಿತು.

ಈಗ ಮೀರಾ ಬಾಯಿಗೆ ಸೆರಗು ಕಟ್ಟಿಕೊಂಡು ಹಾಲು ಕುಡಿಸುತ್ತಾಳೆ. ಪಕ್ಕದಲ್ಲಿ ಕೂತು ಕಸ್ತೂರಿಬಾಯಿ ಜೋಗುಳ ಹೇಳುತ್ತಾಳೆ.