ಕುಚ್ಚಿಲ್ಲದ ಕಂಬಳಿ

೧೯೮೧ರ ಫೆಬ್ರವರಿ ೧೧, ಬುಧವಾರ. ಬೆಳಗ್ಗೆ ಹತ್ತೂವರೆಗೆ ಬುಕ್ಕಾಪಟ್ಟಣದ ಕುರಿಗಾರರ ಸಂಘದ ಕಾರ್ಯದರ್ಶಿ ಚಿಕ್ಕನರಸಯ್ಯ ಒಂದು ಫೋಟೋವನ್ನು ಕಂಕುಳಲ್ಲಿ ಅವುಚಿಕೊಂಡು ಶಿರಾ ಠಾಣೆಗೆ ಬಂದರು. ಸಂಘ ಶುರುವಾದ ದಿನ ತೆಗೆಸಿದ ಗುಂಪು ಫೋಟೋ. ಹನ್ನೆರಡು ಜನರಿರಬೇಕಾದಲ್ಲಿ ಹನ್ನೊಂದು ಜನರಿದ್ದರು, ಜೊತೆಗೆ ಮನುಷ್ಯನಾಕಾರದ ಒಂದು ತೂತು.

"ಯಾರು ಈ ಕಾಣೆಯಾದ ಆಸಾಮಿ?" ಸಬ್ ಇನ್ಸ್‌ಪೆಕ್ಟರ್ ಸಂಜೀವಯ್ಯ ಕೇಳಿದರು.

"ದಾಸಣ್ಣ ಅಂತ ಸಾ. ತೀರ್ಕಂಡು ಮೂರು ವರ್ಸ ಆಯ್ತು."

"ಯಾರಿಗಾದ್ರೂ ದ್ವೇಷ?"

"ಸತ್ತೋನ ಮ್ಯಾಲೆ ಏನು ದ್ವೇಷ ಸಾ? ಮಾಟ ಮಾಡ್ಸಕ್ಕೆ ಕುಯ್ಕೊಂಡೋಗವ್ರೆ ಅಂತ ಊರಲ್ಲೆಲ್ಲಾ ಗುಲ್ಲು."

ಹೊಡೆದಾಟದ ಕೇಸುಗಳಲ್ಲಿ ಸವೆದಿದ್ದ ಸಂಜೀವಯ್ಯನವರಿಗೆ ರಕ್ತವಿಲ್ಲದ ಕೇಸೆಂದರೆ ಹಬ್ಬ. ಎಫ್‌ಐಆರ್ ದಾಖಲಿಸಿ, ತೂತಿನ ಅಂಚಿನ ಮೇಲೆ ಬೆರಳಾಡಿಸಿದರು. ಎಲ್ಲೂ ಮುಕ್ಕಿಲ್ಲ, ಹರಿದಿಲ್ಲ. ಹೊಸ ಬ್ಲೇಡು, ಪಳಗಿದ ಕೈ. ಮಾಟಗಾರನಿಗೆ ಇಷ್ಟು ನಾಜೂಕು ಯಾಕೆ ಬೇಕು?

ಮಧ್ಯಾಹ್ನ ೧೨.೧೫ಕ್ಕೆ ಕಾನ್‌ಸ್ಟೆಬಲ್ ಜುಂಜಪ್ಪನ ಕೈಯಲ್ಲಿ ಆ ಫೋಟೋ ಹೊರಿಸಿಕೊಂಡು ಪೇಟೆಯ ಸ್ಟುಡಿಯೋಗಳತ್ತ ಹೊರಟರು. ಮೊದಲನೆಯವನು ಅಂಚು ನೋಡಿದವನೇ, "ಇದು ನಮ್ ಕೈಲಾಗಲ್ಲ ಸಾರ್, ಕದರಪ್ಪನ್ನ ಕೇಳಿ" ಎಂದು ಮಸೀದಿ ಹಿಂದಿನ ಬೀದಿ ತೋರಿಸಿದ.

ಕದರಪ್ಪನ ಅಂಗಡಿಯ ಜಗಲಿಯ ಮೇಲೆ ಮುದುಕಿಯೊಬ್ಬಳು ಕೂತಿದ್ದಳು. ಒಳಗೆ ಮೇಜಿನ ಮೇಲೊಂದು ಫೋಟೋ: ಕುರ್ಚಿಯಲ್ಲಿ ಅದೇ ಮುದುಕಿ, ಪಕ್ಕದಲ್ಲಿ ಕಂಬಳಿ ಹೊದ್ದ ಗಂಡ. ಸಂಜೀವಯ್ಯ ಭೂತಗನ್ನಡಿ ಹಿಡಿದು ಹುಡುಕಿದರೂ ಜೋಡಿಸಿದ ಗುರುತು ಸಿಗಲಿಲ್ಲ. ಗಂಡ ಹೆಂಡತಿ ಒಟ್ಟಿಗೇ ಬಂದು ತೆಗೆಸಿಕೊಂಡಂತಿತ್ತು.

ಗೊಲ್ಲರಹಟ್ಟಿಯ ಜುಂಜಪ್ಪ ಮಾತ್ರ ಬಗ್ಗಿ ನೋಡಿ, "ಸಾ, ಈ ಕಂಬಳಿಗೆ ಕುಚ್ಚೇ ಇಲ್ವಲ್ಲ!" ಎಂದ.

"ಅದಕ್ಕೇನೀಗ?"

"ಕುಚ್ಚಿಲ್ದಿರೋ ಕಂಬಳಿನಾ ನಮ್ಮ ಹಟ್ಟೀಲಿ ಯಾರು ಹೊದೀತಾರೆ ಸಾ?"

ಸಂಜೀವಯ್ಯ ಗುಂಪು ಫೋಟೋ ತೆಗೆದು ನೋಡಿದರು. ದಾಸಣ್ಣ ಹೋಗಿದ್ದ, ಅವನ ಕಂಬಳಿಯ ಕುಚ್ಚುಗಳು ತೂತಿನ ಅಂಚಿನಲ್ಲೇ ಉಳಿದಿದ್ದವು.

"ಕತ್ತರಿಸಿದ್ದನ್ನ ಎಲ್ಲಿಟ್ಟಿದ್ದೀಯ?" ಎಂದು ಕದರಪ್ಪನತ್ತ ತಿರುಗಿದರು.

ಕದರಪ್ಪ ಮೇಜಿನ ಖಾನೆಯಿಂದ ರಟ್ಟೊಂದನ್ನು ತೆಗೆದುಕೊಟ್ಟ. ದಾಸಣ್ಣನನ್ನು ಕತ್ತರಿಸಿ, ಕಾಗದದ ಅಂಚನ್ನು ಹಿಂದಿನಿಂದ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ತೆಳುಮಾಡಿ, ಮುದುಕಿಯ ಫೋಟೋದಲ್ಲಿ ಅವಳ ಪಕ್ಕ ಅಂಟಿಸಿ, ಅಂಚಿಗೆ ಸಣ್ಣ ಕುಂಚದಲ್ಲಿ ಬಣ್ಣ ತಾಗಿಸಿ, ಆ ರಟ್ಟಿನದೇ ಹೊಸ ಫೋಟೋ ತೆಗೆದಿದ್ದ.

"ಕುಚ್ಚು ಯಾಕೆ ಬಿಟ್ಟೆ?"

"ಅಂಚು ನುಣ್ಣಗಿರ್ಲಿ ಅಂತ ಸಾ. ಎಳೆ ಎಳೆ ಇದ್ರೆ ಅಂಟ್ಸಿದ್ದು ಗೊತ್ತಾಗ್ಬುಡ್ತದೆ."

"ಒಂದು ಮಾತು ಕೇಳಿದ್ರೆ ಸಂಘದೋರು ಕೊಡ್ತಿರಲಿಲ್ವಾ?"

"ಒಂದಿನಕ್ಕೆ ಕೊಡ್ರಿ ಅಂತ ಮೂರು ಸಲ ಕೇಳ್ದೆ. ಗೋಡೆಯಿಂದ ಇಳ್ಸಲ್ಲ ಅಂದ್ಬುಟ್ರು. ದಾಸಣ್ಣಂದು ಇರೋದೇ ಅದೊಂದು ಫೋಟೋ. ಜಗಲಿ ಮ್ಯಾಲೆ ಕುಂತೈತಲ್ಲ, ಅವನ ಹೆಂಡ್ತಿ ಗಿರಿಯಮ್ಮ, ಅದಕ್ಕೆ ಒಂದು ಕಣ್ಣು ಆಗ್ಲೇ ಹೋಗೈತೆ, ಇನ್ನೊಂದೂ ಮಂಜಾಯ್ತಾ ಐತೆ. ಅಷ್ಟರೊಳಗೆ ಗಂಡನ ಪಕ್ಕ ತಾನಿರೋದು ನೋಡ್ಬೇಕು ಅಂತು."

ಜಗಲಿಯಿಂದ ಗಿರಿಯಮ್ಮ ಕೂಗಿದಳು: "ಮೊಕ ಅವ್ರದೇ ಕಣಪ್ಪ. ಕಂಬಳಿ ಯಾರ್ದೋ! ಆ ಕುಚ್ಚು ಕಟ್ದೋಳು ನಾನು, ನಂಗೆ ಗೊತ್ತಾಗಲ್ವಾ? ನಂಗೆ ಬ್ಯಾಡ ಇದು."

ಸಂಜೀವಯ್ಯನವರಿಗೆ ನಗು ಬಂತು. ಎದುರಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ, ಜಪ್ತಿ ಮಾಡಬೇಕಾದ್ದು ಕದ್ದ ಚಿತ್ರವಿರುವ ರಟ್ಟು, ಹೊಸ ಫೋಟೋ ಗಿರಿಯಮ್ಮನದು ಎಂದು ತೀರ್ಮಾನಿಸಿದರು. ಆಮೇಲೆ ಕದರಪ್ಪನ ಕುಂಚದ ಕಡೆ ನೋಡಿ, "ಜುಂಜಪ್ಪ, ಪಂಚನಾಮೆ ದುಂಡಗೆ ಬರಿ. ಅವಸರ ಇಲ್ಲ" ಎಂದರು.

ಜುಂಜಪ್ಪ ಜನ್ಮದಲ್ಲೇ ಅಷ್ಟು ದುಂಡಗೆ ಬರೆದಿರಲಿಲ್ಲ. ಅಷ್ಟರಲ್ಲಿ ಕದರಪ್ಪ ಕಂಬಳಿಯ ಅಂಚಿಗೆ ಒಂದೊಂದೇ ಕುಚ್ಚು ಬರೆದ. ಗಿರಿಯಮ್ಮ ಫೋಟೋವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಈಗ ನಮ್ಮೋರು" ಎಂದಳು.

೩.೪೦ಕ್ಕೆ ಕದರಪ್ಪನ ದಸ್ತಗಿರಿಯಾಯಿತು. ಅವನು ಖುಷಿಯಿಂದಲೇ ಜೀಪು ಹತ್ತಿದ. ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶದ ಬಗ್ಗೆ ಸಂಜೀವಯ್ಯ ಒಂದೇ ಸಾಲು ಬರೆದರು: "ಸದರಿ ಗಿರಿಯಮ್ಮನವರು ಗಂಡನ ಪಕ್ಕ ಕೂರಬೇಕೆಂದು ಕೇಳಿದ್ದು, ಆರೋಪಿಗೆ ಇಲ್ಲವೆನ್ನಲು ಆಗಿರುವುದಿಲ್ಲ."